ಕೋಲಿನ ಲೆಕ್ಕ

ಪೆರ್ಲದಿಂದ ಮೊದಲ ಬಸ್ಸು, ಬದಿಯಡ್ಕದಲ್ಲಿ ಸೀಟು,
ವಿದ್ಯಾನಗರದಲ್ಲಿ ಇಳಿದು ಓಡುವಷ್ಟರಲ್ಲಿ
ಬೋರ್ಡಿನ ಮೇಲೆ ಆಗಲೇ ಒಂದು ತಲೆಕೆಳಗಾದ ತ್ರಿಕೋನ.
ಡೆಲ್, ಎಂದರು ಪದ್ಮಜಾ ಟೀಚರ್.
ಮುಂದೊಂದು ಚುಕ್ಕೆ ಇಟ್ಟರೆ ಒಂದರ್ಥ,
ಗುಣಾಕಾರ ಇಟ್ಟರೆ ಇನ್ನೊಂದು,
ಏನೂ ಇಡದಿದ್ದರೆ ಮತ್ತೊಂದು.
ಮನಸ್ಸಿಲಾಯೋ?

ತಿಳಿಯಿತೇ ಎಂದು ಅವರ ಪ್ರಶ್ನೆ.
ಹತ್ತರವರೆಗೆ ಕನ್ನಡದಲ್ಲೇ ಕೂಡಿ ಕಳೆದ ನನ್ನ ಕಿವಿಗೆ
ಮನಸ್ಸಿಲ್ಲವೋ ಎಂದು ಕೇಳಿಸಿತು.
ಇದೆ ಟೀಚರ್, ಎಂದೆ. ಕ್ಲಾಸು ನಕ್ಕಿತು.

ಮನಸ್ಸಿತ್ತು. ಇಲ್ಲದ್ದು ಆಂಶಿಕ ಅವಕಲನ.
ಅದನ್ನು ಗಣಿತದವರು ಮೂರನೇ ಸೆಮಿಸ್ಟರಿನಲ್ಲಿ ಮಾಡುತ್ತಾರೆ,
ಈಗ ನಂಬಿ ಬರೆದುಕೊಳ್ಳಿ, ಎಂದರು ಟೀಚರ್.
ಮೂರನೆಯದರಲ್ಲಿ ಗಣಿತದ ಕರುಣನ್ ಸಾರ್
ಇದೆಲ್ಲ ನಿಮಗೆ ಫಿಸಿಕ್ಸಿನಲ್ಲಿ ಆಗಿದೆಯಲ್ಲ ಎಂದು
ಎಂಟು ಪುಟ ಒಟ್ಟಿಗೇ ಮಗುಚಿದರು.
ಎರಡು ಡಿಪಾರ್ಟ್‌ಮೆಂಟಿನ ನಡುವೆ
ಒಂದು ಸೋರುವ ನಳ್ಳಿ, ಒಂದು ನೋಟೀಸ್ ಬೋರ್ಡು.
ನನ್ನ ಗ್ರೇಡಿಯೆಂಟ್ ಅಲ್ಲೇ ಎಲ್ಲೋ ಬಿದ್ದುಹೋಗಿರಬೇಕು.
ನಲವತ್ತಕ್ಕೆ ಒಂಬತ್ತು.

ಅಪ್ಪ ಐತ್ತಪ್ಪ ನಾಯ್ಕರು ಸುರಂಗ ತೋಡುವವರು.
ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯನ ಅಗಲ.
ಆ ರಜೆಯಲ್ಲಿ ಮಣ್ಣೆಳೆಯುವ ಲೋಕಯ್ಯನಿಗೆ ಜ್ವರ ಬಂದು
ಬುಟ್ಟಿ ನನ್ನ ಕೈಗೆ ಬಂತು.
ಒಳಗೆ ಮೇಣದಬತ್ತಿ. ಅದು ಸಣ್ಣಗಾದರೆ ಹೊರಗೆ ಬರಬೇಕು;
ಅದು ಕೆಮಿಸ್ಟ್ರಿ.
ಅಪ್ಪ ಪಿಕ್ಕಾಸು ಕೆಳಗಿಟ್ಟು
ಅಂಗೈಯನ್ನು ಎಡಗೋಡೆಗೆ, ಬಲಗೋಡೆಗೆ,
ಎದುರಿನ ಮುರಕಲ್ಲಿಗೆ ಒತ್ತಿ ನೋಡಿ
ಎತ್ತ ತಂಪು ಬೇಗ ಬೇಗ ಏರುತ್ತದೋ ಅತ್ತ ತಿರುಗಿದರು.
ಅಯ್ಯೋ, ಎಂದೆ.
ಏನು, ಕಾಲ ಮೇಲೆ ಕಲ್ಲು ಬಿತ್ತೋ?
ಇಲ್ಲಪ್ಪ. ಡೆಲ್. ಏನೂ ಇಡದ ಡೆಲ್.

ಇದನ್ನು ಕತೆ ಮಾಡಬಾರದು, ಅಪ್ಪನಿಗೆ ಎಲ್ಲ ಗೊತ್ತಿತ್ತು ಅಂತ.
ಹೋದ ವರ್ಷ ಬಾಯಾರಿನಲ್ಲಿ
ಹೀಗೇ ತಂಪಿನ ಬೆನ್ನುಹಿಡಿದು ಇಪ್ಪತ್ತೆರಡು ಕೋಲು ಹೋಗಿ
ಒಂದು ಒದ್ದೆ ಮೂಲೆಯಲ್ಲಿ ಸಿಕ್ಕಿಬಿದ್ದರು.
ಅಲ್ಲಿಂದ ಯಾವ ಕಡೆ ಕಡಿದರೂ ಒಣಗುತ್ತಲೇ ಹೋಗುವ ಮೂಲೆ.
ಅದಕ್ಕೂ ಪುಸ್ತಕದಲ್ಲಿ ಹೆಸರಿದೆ.
ಆ ಹೆಸರಿಗೆ ಕೂಲಿ ಇಲ್ಲ.

ಈ ಸಲ ನೀರು ಸಿಕ್ಕಿತು, ಮೂರು ತಿರುವು ದಾಟಿ,
ನಲವತ್ತನಾಲ್ಕನೇ ಕೋಲಿಗೆ.
ಸಂಕಪ್ಪ ರೈಗಳು ಟೇಪು ತಂದರು.
ಸುರಂಗದ ಬಾಯಿಯಿಂದ ಗಾಳಿಗುಂಡಿಯವರೆಗೆ
ಗುಡ್ಡದ ಮೇಲೆಯೇ ನೇರ ಎಳೆದು,
ಒಣಗಿದ ಗೇರೆಲೆ ಸರಿಸಿ, ಕನ್ನಡಕ ಏರಿಸಿ ಓದಿದರು:
ಮೂವತ್ತೊಂದೇ ಕೋಲು ನಾಯ್ಕರೇ, ಜಾಸ್ತಿ ಹೇಗೆ ಕೊಡುವುದು?

ಅಪ್ಪ ನೆಲ ನೋಡಿದರು.
ನಾನು ಬಾಯಿ ತೆರೆದೆ.
ಭಾರ ಎತ್ತುವುದಾದರೆ ರೈಗಳೇ, ಯಾವ ದಾರಿಯಲ್ಲಿ ಎತ್ತಿದರೂ ಒಂದೇ,
ಹೊರಟದ್ದೆಲ್ಲಿ, ತಲುಪಿದ್ದೆಲ್ಲಿ, ಅಷ್ಟೇ ಸಾಕು.
ಕಲ್ಲು ಕಡಿಯುವುದು ಹಾಗಲ್ಲ, ಅದು ದಾರಿಯ ಲೆಕ್ಕ.
ಪ್ರತಿ ಗೇಣನ್ನೂ ಆ ಗೇಣಿನ ಗಟ್ಟಿತನದಿಂದ ಗುಣಿಸಿ
ಬಾಯಿಯಿಂದ ನೀರಿನವರೆಗೆ ಕೂಡುತ್ತ ಬರಬೇಕು,
ತಿರುವುಗಳನ್ನೂ ಬಿಡದೆ.
ಕಡ್ಡಿಯಿಂದ ಕೆಂಪು ಮಣ್ಣಿನ ಮೇಲೆ
ಆ ಉದ್ದನೆಯ ಚಿಹ್ನೆ ಎಳೆದೂ ತೋರಿಸಿದೆ.
ಹಾವೋ? ಎಂದರು ರೈಗಳು.

ಮೂವತ್ತೆಂಟು ಕೋಲಿಗೆ ದುಡ್ಡು ಕೊಟ್ಟರು.
ಯಾವ ಸೂತ್ರದಿಂದ, ಗೊತ್ತಾಗಲಿಲ್ಲ.
ಇಳಿಜಾರಿನಲ್ಲಿ ಅಪ್ಪ ಕೇಳಿದರು,
ನಿನ್ನ ಹಾವಿಗೆ ತಲೆ ಯಾವುದು, ಬಾಲ ಯಾವುದು?
ಬಾಲದ ಹತ್ತಿರ ಸೊನ್ನೆ, ಎಂದೆ. ಅದು ಸುರಂಗದ ಬಾಯಿ.
ತಲೆಯ ಹತ್ತಿರ ನೀರು.
ಹೂಂ, ಎಂದರು. ಸ್ವಲ್ಪ ದೂರ ನಡೆದು ಮತ್ತೆ,
ನೀರು ಸಿಕ್ಕದಿದ್ದರೆ ಅಲ್ಲಿ ಏನು ಬರೆಯುತ್ತಾರೆ?

ಸಪ್ಲಿಮೆಂಟರಿಯಲ್ಲಿ ನಾಲ್ಕನೇ ಪ್ರಶ್ನೆ ಅದೇ ಬಂತು.
ಮೇಲಿನ ಮಿತಿ ಬಿ ಎಂದು ಕೊಟ್ಟಿದ್ದರು.
ನಾನು ನಲವತ್ತನಾಲ್ಕು ಎಂದು ಬರೆದು,
ಹೊಡೆದುಹಾಕಿ,
ಬಿ ಎಂದು ಬರೆದೆ.